ಕರಾವಳಿ ಹೆದ್ದಾರಿಯಲ್ಲಿ ಸೈಕಲ್ ಪ್ರವಾಸ: ಮಂಗಳೂರಿನಿಂದ ಬಡಗಕ್ಕೋ, ಕಾರವಾರದಿಂದ ತೆಂಕಕ್ಕೋ?

ಹೊಸಹಾದಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರದಲ್ಲಿ ನಾವು ಮೂವರು ಸ್ನೇಹಿತರು ಮಂಗಳೂರಿನಿಂದ ಕಾರವಾರದವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಗುಂಟ ಸೈಕಲ್ ಪ್ರವಾಸ ಹೋಗಬೇಕೆಂದು ನಿಶ್ಚಯಿಸಿದ್ದೇವೆ. ಸುಮಾರು 270 ಕಿಲೋಮೀಟರ್ ದಾರಿಗೆ ನಾಲ್ಕು ದಿನ ಇಟ್ಟುಕೊಂಡಿದ್ದೇವೆ. ಭಾನುವಾರಗಳಂದು ನಂದಿ ಬೆಟ್ಟದ ಕಡೆಗೆ 80–100 ಕಿಲೋಮೀಟರ್ ತುಳಿದು ರೂಢಿಯಿದೆ. ಆದರೆ ಸಾಮಾನು ಹೇರಿಕೊಂಡು ದಿನದ ಮೇಲೆ ದಿನ ತುಳಿದ ಅನುಭವ ನಮ್ಮಲ್ಲಿ ಯಾರಿಗೂ ಇಲ್ಲ. ಇಬ್ಬರ ಬಳಿ 25 ಮಿಲಿಮೀಟರ್ ಟೈರಿನ ರೋಡ್ ಬೈಕ್ ಇದೆ, ನನ್ನದು ಗೇರಿನ ಹೈಬ್ರಿಡ್.

ಈ ದಾರಿಯನ್ನು ತುಳಿದವರು ದಯವಿಟ್ಟು ತಿಳಿಸಬೇಕು: ಚತುಷ್ಪಥವಾದ ಮೇಲೆ ಅಲ್ಲಿ ಸೈಕಲ್ ಓಡಿಸುವುದು ಸುರಕ್ಷಿತವೇ, ರಾತ್ರಿ ಕಡಲತಡಿಯಲ್ಲಿ ಟೆಂಟ್ ಹಾಕಬಹುದೇ, ಮತ್ತು ಹೆದ್ದಾರಿಯನ್ನು ಬಿಟ್ಟು ಕಡಲಿಗೆ ಇನ್ನೂ ಹತ್ತಿರವಾಗುವ ದಾರಿಗಳು ಎಲ್ಲೆಲ್ಲಿವೆ?

ಪಡುಗಾಳಿ (ಕುಂದಾಪುರ)

ನಿಮ್ಮ ಯೋಜನೆಯಲ್ಲಿ ಮೊದಲು ಬದಲಾಗಬೇಕಾದದ್ದು ದಿಕ್ಕು. ಕಾರವಾರದಲ್ಲಿ ಆರಂಭಿಸಿ ತೆಂಕಕ್ಕೆ ಬನ್ನಿ.

ಕಾರಣ ಗಾಳಿ. ಮಳೆಗಾಲ ಮುಗಿದು ಚಳಿ ಬಿದ್ದ ಮೇಲೆ ನಮ್ಮ ಕರಾವಳಿಯಲ್ಲಿ ಗಾಳಿ ದಿನಕ್ಕೆರಡು ಪಾಳಿಯಲ್ಲಿ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ಅಷ್ಟು ಬೇಗ ತಣಿಯುವುದಿಲ್ಲ. ಹಾಗಾಗಿ ನಸುಕಿನಿಂದ ಬೆಳಗಿನ ಒಂಬತ್ತು ಹತ್ತು ಗಂಟೆಯವರೆಗೆ ಘಟ್ಟದ ಕಡೆಯಿಂದ ಕಡಲಿನತ್ತ ಮೆಲ್ಲನೆ ಮೂಡುಗಾಳಿ ಇರುತ್ತದೆ. ಬಿಸಿಲೇರಿ ನೆಲ ಕಾದಂತೆ ಅದು ನಿಂತುಹೋಗಿ, ಅರ್ಧ ತಾಸು ಎಲೆಯೂ ಅಲುಗದಂತಾಗಿ, ಮಧ್ಯಾಹ್ನದ ಹೊತ್ತಿಗೆ ಕಡಲ ಕಡೆಯಿಂದ ಗಾಳಿ ಏಳುತ್ತದೆ. ಎರಡರಿಂದ ಐದು ಗಂಟೆಯ ನಡುವೆ ಅದರ ಬಲ ಹೆಚ್ಚು. ಈ ಗಾಳಿ ನೇರ ಪಡುವಣದಿಂದ ಬರುವುದಕ್ಕಿಂತ ಹೆಚ್ಚಾಗಿ ವಾಯವ್ಯದಿಂದ ಬರುತ್ತದೆ, ನಮ್ಮ ಕರಾವಳಿಯೂ ಆಗ್ನೇಯದಿಂದ ವಾಯವ್ಯಕ್ಕೆ ವಾಲಿಕೊಂಡಿದೆ; ಅಂದರೆ ಬಡಗಕ್ಕೆ ಹೋಗುವ ಸವಾರನಿಗೆ ಅದು ಹೆಚ್ಚುಕಡಿಮೆ ಎದೆಗೇ ಬಡಿಯುತ್ತದೆ.

ಮೂರು ವರ್ಷದ ಹಿಂದೆ ಜನವರಿಯಲ್ಲಿ ನಾನು ಭಟ್ಕಳದಲ್ಲಿ ಊಟ ಮುಗಿಸಿ ಒಂದು ಗಂಟೆಗೆ ಹೊನ್ನಾವರದತ್ತ ಹೊರಟಿದ್ದೆ. ಬೆಳಿಗ್ಗೆ ಗಂಟೆಗೆ 22 ಕಿಲೋಮೀಟರ್ ವೇಗದಲ್ಲಿ ಬಂದವನು ಮಂಕಿಯ ಬಯಲಿನಲ್ಲಿ 12ಕ್ಕೆ ಇಳಿದೆ. ಏರು ರಸ್ತೆಯಾದರೆ ಎಲ್ಲೋ ಒಂದು ಕಡೆ ಇಳಿಜಾರು ಸಿಗುತ್ತದೆ ಎಂಬ ಧೈರ್ಯವಿರುತ್ತದೆ. ಎದುರುಗಾಳಿಯಲ್ಲಿ ಅದೂ ಇಲ್ಲ. ಹಿಂದೆ ಎರಡು ಚೀಲ ತೂಗುಹಾಕಿಕೊಂಡಾಗ ಅವೂ ಗಾಳಿಯನ್ನು ಹಿಡಿದು ಜಗ್ಗುತ್ತವೆ. 42 ಕಿಲೋಮೀಟರಿಗೆ ನಾಲ್ಕು ತಾಸು ಬೇಕಾಯಿತು. ಮರುವರ್ಷ ಅದೇ ದಾರಿಯನ್ನು ತೆಂಕಮುಖವಾಗಿ, ಅದೇ ಹೊತ್ತಿನಲ್ಲಿ ಬಂದಾಗ ಎರಡು ತಾಸೂ ಹಿಡಿಯಲಿಲ್ಲ.

ಬಡಗು ಸವಾರ (ಸುರತ್ಕಲ್)

ಪಡುಗಾಳಿಯವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ನಾನು ಎದುರು ವಾದ ಮಂಡಿಸುತ್ತೇನೆ, ಏಕೆಂದರೆ ಗಾಳಿಗಾಗಿ ನೀವು ಬಿಟ್ಟುಕೊಡುವುದು ಕಡಲನ್ನೇ.

ನಮ್ಮಲ್ಲಿ ವಾಹನಗಳು ಎಡಕ್ಕೆ ಚಲಿಸುತ್ತವೆ. ಬಡಗಕ್ಕೆ ಹೋಗುವವನ ಎಡಗಡೆ ಪಡುವಣ, ಅಂದರೆ ಕಡಲು. ತೆಂಕಕ್ಕೆ ಬರುವವನಿಗೂ ಕಡಲಿಗೂ ನಡುವೆ ಎರಡು ಲೇನು, ವಿಭಜಕ, ಅದರ ಮೇಲಿನ ಗಿಡಗಳು, ಮತ್ತೆ ಎರಡು ಲೇನು ಬರುತ್ತವೆ. ರಸ್ತೆ ಇಕ್ಕಟ್ಟಾಗಿದ್ದ ಕಾಲದಲ್ಲಿ ಇದು ದೊಡ್ಡ ವ್ಯತ್ಯಾಸವಾಗಿರಲಿಲ್ಲ. ಈ ಹೆದ್ದಾರಿಗೆ 17 ಎಂಬ ಸಂಖ್ಯೆ ಇದ್ದಾಗ ಮರವಂತೆಯಲ್ಲಿ ಯಾವ ದಿಕ್ಕಿಗೆ ಹೋದರೂ ತೆರೆಯ ತುಂತುರು ಮುಖಕ್ಕೆ ತಾಗುತ್ತಿತ್ತು. ಈಗ ಮರವಂತೆಯಲ್ಲಿ ತೆಂಕಮುಖದ ಸವಾರನ ಪಾಲಿಗೆ ಬರುವುದು ಸೌಪರ್ಣಿಕಾ ಹೊಳೆ, ಬಡಗುಮುಖದವನಿಗೆ ಅರಬ್ಬಿ ಸಮುದ್ರ. ಹೊಳೆಯೂ ಚೆಂದವೇ, ಕಡಲಿಗೆ ಒಂದು ರಸ್ತೆಯಷ್ಟೇ ದೂರಕ್ಕೆ ಬಂದ ಅದು ಅಲ್ಲಿ ಸೇರದೆ ಮುಖ ತಿರುಗಿಸಿ, ತೆಂಕಕ್ಕೆ ಹರಿದು ಗಂಗೊಳ್ಳಿಯ ಅಳಿವೆಯಲ್ಲಿ ಉಳಿದ ನಾಲ್ಕು ಹೊಳೆಗಳೊಡನೆ ಕಡಲಿಗೆ ಹೋಗುತ್ತದೆ. ಆದರೆ ಬೆಂಗಳೂರಿನಿಂದ ಬರುವವರು ನೋಡಲು ಬಯಸುವುದು ಕಡಲನ್ನು.

ಗಾಳಿಗೆ ಪರಿಹಾರವೂ ಇದೆ. ಬೆಳಿಗ್ಗೆ ಆರೂಕಾಲಕ್ಕೆ ಹೊರಟು ಹನ್ನೊಂದರೊಳಗೆ ದಿನದ ದಾರಿಯನ್ನು ಮುಗಿಸಿದರೆ ಎದುರುಗಾಳಿ ಎದ್ದೇಳುವ ಮೊದಲೇ ನೀವು ಚಪ್ಪರದ ಕೆಳಗೆ ಇರುತ್ತೀರಿ.

ಪಡುಗಾಳಿ (ಕುಂದಾಪುರ)

ಎಡಬಲದ ಮಾತನ್ನು ಒಪ್ಪುತ್ತೇನೆ. ಆದರೆ ಹನ್ನೊಂದರೊಳಗೆ 70 ಕಿಲೋಮೀಟರ್ ಮುಗಿಸಬೇಕೆಂಬ ಗಡುವು ಹಾಕಿಕೊಂಡರೆ ದಾರಿಯಲ್ಲಿ ಎಲ್ಲಿಯೂ ನಿಲ್ಲುವಂತಿಲ್ಲ. ಮೀನುಗಾರರು ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವುದನ್ನು ಅರ್ಧ ತಾಸು ನಿಂತು ನೋಡಲಾರದ ಪ್ರವಾಸದಲ್ಲಿ ಕಡಲು ಎಡಕ್ಕಿದ್ದರೂ ಒಂದೇ, ಬಲಕ್ಕಿದ್ದರೂ ಒಂದೇ. ಅಲ್ಲದೆ ಈ 270 ಕಿಲೋಮೀಟರಿನಲ್ಲಿ ಹೆದ್ದಾರಿಯಿಂದಲೇ ಕಡಲು ಕಾಣುವ ಜಾಗಗಳು ಬೆರಳೆಣಿಕೆಯಷ್ಟು. ಮರವಂತೆ–ತ್ರಾಸಿ, ಬೈಂದೂರಿನ ಒತ್ತಿನೆಣೆ, ಬಿಣಗಾದಿಂದ ಕಾರವಾರದವರೆಗಿನ ತಿರುವುಗಳು. ಉಳಿದಂತೆ ತೆಂಗಿನ ತೋಟ, ಗದ್ದೆಬಯಲು, ಪೇಟೆಗಳು. ಹೆದ್ದಾರಿ ಊರಿಂದ ಊರಿಗೆ ದಾಟಿಸುವ ದಾರಿಯಷ್ಟೇ. ಕಡಲು ಬೇಕಾದಾಗ ಅದರಿಂದ ಇಳಿಯಲೇಬೇಕು.

ಗಂಗಾವಳಿ ದಡ (ಅಂಕೋಲಾ)

ಸುರಕ್ಷತೆಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸದಿರುವುದರಿಂದ ಬರೆಯುತ್ತಿದ್ದೇನೆ. ನಾನು ಈ ಹೆದ್ದಾರಿಯ ಪಕ್ಕದಲ್ಲೇ ಹುಟ್ಟಿ ಬೆಳೆದವನು. ಶಾಲೆಗೆ ಸೈಕಲ್ಲಿನಲ್ಲಿ ಹೋದದ್ದೂ ಇದೇ ರಸ್ತೆಯಲ್ಲಿ.

2024ರ ಜುಲೈ 16ರ ಬೆಳಿಗ್ಗೆ ನಮ್ಮ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿಗಾಗಿ ಕಡಿದಾಗಿ ಕೊರೆದಿದ್ದ ಗುಡ್ಡ ಅದು. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಗಂಗಾವಳಿ, ನಡುವೆ ರಸ್ತೆ ಮತ್ತು ಒಂದು ಚಹಾ ಅಂಗಡಿ. ಲಾರಿ ಚಾಲಕರು ಚಹಾ ಕುಡಿಯಲು ನಿಲ್ಲುತ್ತಿದ್ದ ಜಾಗ. ಅಂಗಡಿಯನ್ನೂ, ಅದನ್ನು ನಡೆಸುತ್ತಿದ್ದ ಕುಟುಂಬವನ್ನೂ, ನಿಂತಿದ್ದ ವಾಹನಗಳನ್ನೂ ಮಣ್ಣು ಹೊಳೆಗೆ ತಳ್ಳಿತು. ಹೊಳೆಯೊಳಗೆ ಹೂತುಹೋದ ಒಂದು ಲಾರಿಯನ್ನು ಮೇಲೆತ್ತಲು ಸೆಪ್ಟೆಂಬರ್ ಕೊನೆಯವರೆಗೂ ಕಾಯಬೇಕಾಯಿತು. ನಾನು ಆ ಅಂಗಡಿಯಲ್ಲಿ ಎಷ್ಟೋ ಸಲ ಸೈಕಲ್ ಒರಗಿಸಿ ಕುಳಿತಿದ್ದೇನೆ. ಅಲ್ಲಿ ಹಾದುಹೋಗುವಾಗ ಒಂದು ನಿಮಿಷ ಮೌನವಾಗಿರಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ, ಫೋಟೊಕ್ಕಾಗಿ ನಿಲ್ಲಬೇಡಿ.

ಡಿಸೆಂಬರಿನಲ್ಲಿ ಗುಡ್ಡ ಒಣಗಿರುತ್ತದೆ, ಮಳೆಗಾಲದ ಭಯವಿಲ್ಲ. ಹಾಗಿದ್ದರೂ ನೆರಳಿದೆಯೆಂದು ಕೊರೆದ ಗುಡ್ಡದ ಬುಡದಲ್ಲಿ ವಿಶ್ರಾಂತಿಗೆ ಕೂರಬೇಡಿ. ಅಕಾಲಿಕ ಮಳೆ ಎರಡು ದಿನ ಹಿಡಿದರೆ ಊರಿನವರನ್ನು ಕೇಳಿಕೊಂಡೇ ಮುಂದುವರಿಯಿರಿ. ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿದ್ದು, ಎರಡೂ ದಿಕ್ಕಿನ ವಾಹನಗಳನ್ನು ಹೊಸ ಸೇತುವೆಯ ಮೇಲೆ ಬಿಡಲಾಯಿತು. ಮಾಜಾಳಿ ನೋಡಲು ಕಾಳಿಯನ್ನು ದಾಟುವುದಾದರೆ ಸೇತುವೆಯ ಮೇಲೆ ಒಬ್ಬರ ಹಿಂದೆ ಒಬ್ಬರು ಹೋಗಬೇಕು, ನಡುವೆ ನಿಂತು ನೋಡುವ ಆಸೆಯನ್ನು ಬಿಡಬೇಕು.

ದಿನನಿತ್ಯದ ಅಪಾಯ ಬೇರೆಯದು. ಚತುಷ್ಪಥದಲ್ಲಿ ಹಿಂದಿನಿಂದ ಬರುವ ಬಸ್ಸಿಗಿಂತ ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬರುವ ಬೈಕಿಗೆ ನಾನು ಹೆಚ್ಚು ಹೆದರುತ್ತೇನೆ. ವಿಭಜಕದಲ್ಲಿ ತಿರುವು ದೂರವಿರುವ ಕಡೆಗಳಲ್ಲಿ ಊರಿನವರು ಅಂಚಿನಲ್ಲೇ ಎದುರು ಬರುತ್ತಾರೆ, ಸೈಕಲ್ ಸವಾರನೂ ಅದೇ ಅಂಚಿನಲ್ಲಿರುತ್ತಾನೆ. ಅಂಥ ಹೊತ್ತಿನಲ್ಲಿ ರಸ್ತೆಯ ನಡುವಿಗೆ ಸರಿಯಬೇಡಿ. ವೇಗ ತಗ್ಗಿಸಿ, ಎಡಕ್ಕೇ ಇದ್ದು, ಬೇಕಾದರೆ ಕಾಲೂರಿ ನಿಲ್ಲಿ. ಪೇಟೆ ಬಂದಾಗ ಸರ್ವಿಸ್ ರಸ್ತೆಗೆ ಇಳಿಯುವುದು ಒಳ್ಳೆಯದು, ಆದರೆ ಅದು ಹೇಳದೆ ಕೇಳದೆ ಚರಂಡಿಯ ಅಂಚಿನಲ್ಲಿ ಮುಗಿದುಬಿಡುವುದುಂಟು. ಕಾರವಾರ ಮತ್ತು ಬಿಣಗಾ ನಡುವಿನ ಸುರಂಗದಲ್ಲಿ ಹಗಲಾದರೂ ಹಿಂದಿನ ಕೆಂಪು ದೀಪ ಉರಿಯುತ್ತಿರಲಿ. ಕತ್ತಲಾದ ಮೇಲೆ ತುಳಿಯಲೇಬೇಡಿ. ಬೆಚ್ಚಗಿನ ಡಾಂಬರಿನ ಮೇಲೆ ದನಗಳು ಮಲಗಿರುತ್ತವೆ.

ಅಬ್ಬಲಿಗೆ (ಕುಮಟಾ)

ನಾನು ಶಿಕ್ಷಕಿ, ರಜೆಯಲ್ಲಿ ಒಬ್ಬಳೇ ಅಥವಾ ತಂಗಿಯೊಡನೆ ಸೈಕಲ್ ತುಳಿಯುತ್ತೇನೆ. ಹೆದ್ದಾರಿಯಿಂದ ಇಳಿಯುವ ದಾರಿ ಎಲ್ಲಿ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಕನ್ನಡದ ಪಾಲಿನ ಉತ್ತರ ನನ್ನದು.

ಅಂಕೋಲಾ ದಾಟಿ ಮಾದನಗೇರಿಯಲ್ಲಿ ಬಲಕ್ಕೆ ತಿರುಗಿ ಗೋಕರ್ಣಕ್ಕೆ ಬನ್ನಿ, ಸುಮಾರು ಹತ್ತು ಕಿಲೋಮೀಟರ್. ದಾರಿಯಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರಗಳಿವೆ. ಡಿಸೆಂಬರಿನಲ್ಲಿ ಉಪ್ಪಿನ ರಾಶಿ ಕಾಣಸಿಗುವುದಿಲ್ಲ, ಅದಕ್ಕೆ ಬೇಸಿಗೆ ಏರಬೇಕು. ಆದರೆ ನೀರು ನಿಲ್ಲಿಸಿದ ಚೌಕಗಳಲ್ಲಿ ಬೆಳ್ಳಕ್ಕಿಗಳು ನಿಂತಿರುತ್ತವೆ, ಬೆಳಗಿನ ಬಿಸಿಲಿನಲ್ಲಿ ಒಂದೊಂದು ಚೌಕ ಒಂದೊಂದು ಬಣ್ಣದಲ್ಲಿರುತ್ತದೆ. ಗೋಕರ್ಣದಿಂದ ಮತ್ತೆ ಹೆದ್ದಾರಿಗೆ ಮರಳುವ ಬದಲು ತದಡಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಅಘನಾಶಿನಿ ಊರಿಗೆ ದಾಟಿ. ಊರಿನವರ ಸ್ಕೂಟರುಗಳನ್ನೇ ಹತ್ತಿಸಿಕೊಳ್ಳುವ ದೋಣಿಗೆ ಸೈಕಲ್ ಭಾರವಲ್ಲ. ನೀವು ದಾಟುವುದು ಅಣೆಕಟ್ಟೆಯಿಲ್ಲದೆ ಘಟ್ಟದಿಂದ ಕಡಲಿಗೆ ಹರಿದುಬರುವ ಹೊಳೆಯ ಅಳಿವೆಯನ್ನು. ಇಳಿತದ ಹೊತ್ತಿನಲ್ಲಿ ಹೆಂಗಸರು ಎದೆಮಟ್ಟದ ನೀರಿನಲ್ಲಿ ನಿಂತು ಚಿಪ್ಪಿಕಲ್ಲು ಆಯುವುದನ್ನು ನೋಡಬಹುದು. ಹೊಳೆಯ ಮೇಲ್ಭಾಗದ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಅಘನಾಶಿನಿಯಿಂದ ಕಾಗಾಲ, ಬಾಡದ ಕಡೆಯ ಒಳದಾರಿಯಲ್ಲಿ ಕುಮಟಾಕ್ಕೆ ಬಂದರೆ ಲಾರಿಯ ಸದ್ದೇ ಕೇಳುವುದಿಲ್ಲ. ಹೀಗೆ ಹೋದರೆ ಮಿರ್ಜಾನ್ ಕೋಟೆ ತಪ್ಪಿಹೋಗುತ್ತದೆ, ಅದು ಹೆದ್ದಾರಿಯ ಬದಿಗಿದೆ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ದೋಣಿಯನ್ನು ಆರಿಸುತ್ತೇನೆ.

ಟೆಂಟಿನ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ: ಮರಳಿನ ಮೇಲೆ ಹಾಕಬೇಡಿ. ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ದಡಕ್ಕೆ ಬರುತ್ತವೆ, ಹೊನ್ನಾವರದ ಕಾಸರಕೋಡು ಟೊಂಕಾದ ದಡಕ್ಕಂತೂ ವರ್ಷವೂ ಬರುತ್ತವೆ. ದೀಪ ಕಂಡರೆ ತಾಯಿ ಆಮೆ ಮೊಟ್ಟೆಯಿಡದೆ ಹಿಂದಿರುಗುತ್ತದೆ; ಮರಿಗಳು ಕಡಲಿನ ಬೆಳಕನ್ನು ಹಿಡಿದು ಹೋಗುವ ಬದಲು ನಿಮ್ಮ ಟಾರ್ಚಿನತ್ತ ತಿರುಗುತ್ತವೆ. ಕಾಸರಕೋಡಿನಲ್ಲಿ ಮೀನುಗಾರರೇ ಗೂಡುಗಳಿಗೆ ಬೇಲಿ ಕಟ್ಟಿ ಕಾಯುವುದನ್ನು ನಾನು ನೋಡಿದ್ದೇನೆ. ಹಾಸಿಗೆ ಬೇಕೆಂದರೆ ಎಲ್ಲ ಊರುಗಳಲ್ಲೂ ವಸತಿಗೃಹಗಳಿವೆ. ಟೆಂಟೇ ಬೇಕೆಂದರೆ ಯಾರದಾದರೂ ಮನೆಯಂಗಳದಲ್ಲಿ ಕೇಳಿ ಹಾಕಿಕೊಳ್ಳಿ.

ಜೊತೆಗೆ ಮಹಿಳೆಯರು ಬರುವುದಾದರೆ ಇನ್ನೊಂದು ಮಾತು. ಹೆದ್ದಾರಿಯಲ್ಲಿ ಶುಚಿಯಾದ ಶೌಚಾಲಯ ಸಿಗುವುದು ಕಷ್ಟ. ಕಾಸರಕೋಡು ಮತ್ತು ಪಡುಬಿದ್ರಿಯ ಕಡಲತೀರಗಳಿಗೆ 2020ರಲ್ಲಿ, ಶುಚಿಯಾದ ಸುರಕ್ಷಿತ ಕಡಲತೀರಗಳಿಗೆ ಕೊಡುವ ನೀಲಿ ಬಾವುಟದ (ಬ್ಲೂ ಫ್ಲ್ಯಾಗ್) ಮಾನ್ಯತೆ ಬಂದಿತು; ಅಲ್ಲಿ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಸಿಹಿನೀರಿನ ಸ್ನಾನ ಎಲ್ಲ ಇವೆ. ನಾನು ನಿಲುಗಡೆಗಳನ್ನು ಇವನ್ನು ನೋಡಿಕೊಂಡೇ ನಿರ್ಧರಿಸುತ್ತೇನೆ.

ಬಡಗು ಸವಾರ (ಸುರತ್ಕಲ್)

ಅಬ್ಬಲಿಗೆಯವರು ಉತ್ತರ ಕನ್ನಡದ ದಾರಿಯನ್ನು ಹೇಳಿದರು, ಉಡುಪಿಯದನ್ನು ನಾನು ಸೇರಿಸುತ್ತೇನೆ. ದಿಕ್ಕಿನ ವಿಷಯದಲ್ಲಿ ನನ್ನ ಹಟ ಸ್ವಲ್ಪ ಸಡಿಲಾದದ್ದೂ ಇದೇ ದಾರಿಯನ್ನು ನೆನೆದು.

ಮಲ್ಪೆಯಿಂದ ಪಡುಕೆರೆಗೆ ಸೇತುವೆ ದಾಟಿದರೆ ಅಲ್ಲಿಂದ ಮಟ್ಟು, ಕೈಪುಂಜಾಲಿನ ಮೂಲಕ ಕಾಪುವಿನವರೆಗೆ ಒಂದು ಸಣ್ಣ ರಸ್ತೆ ಇದೆ. ಬಲಕ್ಕೆ ಕಡಲು, ಎಡಕ್ಕೆ ಉದ್ಯಾವರದ ಹೊಳೆ, ನಡುವಿನ ಪಟ್ಟಿಯಲ್ಲಿ ಒಂದು ಸಾಲು ಮನೆ, ತೆಂಗು, ಮತ್ತು ಈ ರಸ್ತೆ. ಮರವಂತೆಯಲ್ಲಿ ಒಂದೆರಡು ಕಿಲೋಮೀಟರ್ ಸಿಗುವುದು ಇಲ್ಲಿ ಹತ್ತಾರು ಕಿಲೋಮೀಟರ್ ಸಿಗುತ್ತದೆ, ಲಾರಿಗಳಿಲ್ಲದೆ, ವಿಭಜಕವಿಲ್ಲದೆ. ಮನೆಗಳ ಮುಂದೆ ಬಲೆ ಹೆಣೆಯುತ್ತಿರುತ್ತಾರೆ, ಮೀನು ಒಣಗಲು ಹರಡಿರುತ್ತಾರೆ. ಬೆಲ್ ಹೊಡೆದು ಮೆಲ್ಲಗೆ ಹೋಗಬೇಕು. ಮಟ್ಟುವಿನಲ್ಲಿ ಹೊಳೆಯಾಚೆ ಬೆಳೆಯುವ ಹಸಿರು ಬದನೆ, ಮಟ್ಟುಗುಳ್ಳ, ಸೋದೆ ಮಠದ ವಾದಿರಾಜರ ಪ್ರಸಾದವೆಂದು ಊರಿನವರು ಹೇಳುತ್ತಾರೆ. ದಾರಿಯ ಕೊನೆಗೆ ಕಾಪುವಿನ ಬಂಡೆಯ ಮೇಲೆ 1901ರ ದೀಪಸ್ತಂಭ ನಿಂತಿದೆ.

ಮಲ್ಪೆಯ ಬಡಗಿಗೂ ಹೂಡೆಯ ಮೇಲೆ ಕೋಡಿ ಬೆಂಗ್ರೆಯವರೆಗೆ ಇಂಥದ್ದೇ ಪಟ್ಟಿ ಇದೆ. ಅಲ್ಲಿಂದ ಹಂಗಾರಕಟ್ಟೆಗೆ ದಾಟುವ ದೋಣಿ ಆ ದಿನ ಓಡುತ್ತಿದೆಯೇ ಎಂದು ಕೇಳಿಕೊಂಡೇ ಇಳಿಯಿರಿ, ಇಲ್ಲದಿದ್ದರೆ ಬಂದ ದಾರಿಯಲ್ಲೇ ಹಿಂದಿರುಗಬೇಕಾಗುತ್ತದೆ.

ಪ್ರವಾಸವನ್ನು ಸುರತ್ಕಲ್ಲಿನಲ್ಲಿ ಮುಗಿಸಿ. ಅಲ್ಲಿಂದ ಪಣಂಬೂರು, ಕೂಳೂರಿನ ಮೂಲಕ ಮಂಗಳೂರು ಪೇಟೆಗೆ ಹೋಗುವ ದಾರಿಯಲ್ಲಿ ಬಂದರಿಗೆ ಹೋಗಿಬರುವ ಲಾರಿ, ಟ್ಯಾಂಕರ್‌ಗಳ ಸಾಲು ತೀರುವುದೇ ಇಲ್ಲ. ಮಂಗಳೂರಿನವರೆಗೆ ತುಳಿದೆವು ಎಂದು ಹೇಳಿಕೊಳ್ಳಲು ಆ ಹದಿನೈದು ಕಿಲೋಮೀಟರ್ ಬೇಡ.

ಚೈನು-ಎಣ್ಣೆ (ಉಡುಪಿ)

ಸೈಕಲ್ ರಿಪೇರಿ ನನ್ನ ವೃತ್ತಿ. ಘಟ್ಟದ ಮೇಲಿನಿಂದ ಬರುವವರ ಸೈಕಲ್ಲುಗಳಲ್ಲಿ ಪ್ರತಿ ವರ್ಷ ಕಾಣುವ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ರೋಡ್ ಬೈಕಿನ ತೆಳ್ಳನೆಯ ವಾಲ್ವಿಗೆ ಪೆಟ್ರೋಲ್ ಬಂಕಿನ ಗಾಳಿಯ ಪೈಪು ಕೂರುವುದಿಲ್ಲ, ಹಳ್ಳಿಯ ಪಂಕ್ಚರ್ ಅಂಗಡಿಯ ಪಂಪೂ ಕೂರುವುದಿಲ್ಲ. ಹಿತ್ತಾಳೆಯ ಸಣ್ಣ ಅಡಾಪ್ಟರ್ ಒಂದು ಸಿಗುತ್ತದೆ, ಬೆರಳ ತುದಿಯಷ್ಟು ದೊಡ್ಡದು. ಮೂವರೂ ಒಂದೊಂದು ಇಟ್ಟುಕೊಳ್ಳಿ. ತೆಳು ಟೈರಿನ ಟ್ಯೂಬು ಕುಂದಾಪುರ ದಾಟಿದರೆ ಸಿಗುವ ಭರವಸೆಯಿಲ್ಲ, ತಲೆಗೆರಡು ತನ್ನಿ. ಚೌಕಟ್ಟಿನಲ್ಲಿ ಜಾಗವಿದ್ದರೆ 25ರ ಬದಲು 28 ಅಥವಾ 32 ಹಾಕಿಸಿ. ಸೇತುವೆಗಳ ಜೋಡಣೆಯ ಸಂದುಗಳಲ್ಲಿ ಕಬ್ಬಿಣದ ಪಟ್ಟಿ ಎದ್ದಿರುತ್ತದೆ, ತೆಳು ಟೈರು ಅದಕ್ಕೆ ಓರೆಯಾಗಿ ಸಿಕ್ಕಿದರೆ ರಿಮ್ಮಿಗೇ ಪೆಟ್ಟು. ನೇತ್ರಾವತಿಯಿಂದ ಕಾಳಿಯವರೆಗೆ ಹತ್ತಕ್ಕೂ ಹೆಚ್ಚು ಹೊಳೆಗಳನ್ನು ದಾಟುವ ರಸ್ತೆಯಿದು, ಸಂದುಗಳಿಗೆ ಕೊರತೆಯಿಲ್ಲ. ಶರಾವತಿಯ ಸೇತುವೆಯೊಂದೇ ಸುಮಾರು ಒಂದು ಕಿಲೋಮೀಟರ್ ಉದ್ದವಿದೆ. ಪ್ರತಿ ಸಂದನ್ನೂ ನೇರವಾಗಿ, ಸೀಟಿನಿಂದ ಸ್ವಲ್ಪ ಮೇಲೆದ್ದು ದಾಟಿ.

ಇನ್ನೊಂದು ಮೀನಿನ ನೀರು. ಬಂದರಿನಿಂದ ಹೊರಟ ಮೀನಿನ ಲಾರಿಗಳಿಂದ ಮಂಜುಗಡ್ಡೆ ಕರಗಿದ ನೀರು ರಸ್ತೆಯ ಎಡಭಾಗಕ್ಕೆ ಸೋರುತ್ತ ಹೋಗುತ್ತದೆ. ಅದರಲ್ಲಿ ಮೀನಿನ ಜಿಡ್ಡಿರುತ್ತದೆ. ನೇರ ರಸ್ತೆಯಲ್ಲಿ ತೊಂದರೆಯಿಲ್ಲ, ತಿರುವಿನಲ್ಲಿ ಬ್ರೇಕ್ ಹಿಡಿದರೆ ಚಕ್ರ ಕಾಲಡಿಯಿಂದ ಜಾರುತ್ತದೆ. ಹೋದ ವರ್ಷ ಒಬ್ಬರು ಹೀಗೆ ಬಿದ್ದು ಬಾಗಿದ ಹ್ಯಾಂಗರ್ (ಗೇರು ಬದಲಿಸುವ ಡಿರೇಲರನ್ನು ಚೌಕಟ್ಟಿಗೆ ಹಿಡಿಸುವ ತುಂಡು) ಹಿಡಿದುಕೊಂಡು ಬಂದಿದ್ದರು. ಮೊಣಕೈಯ ಚರ್ಮ ಅಂಗೈಯಗಲ ಹೋಗಿತ್ತು. ರಸ್ತೆಯ ಮೇಲೆ ಕಪ್ಪಗೆ ಗೆರೆ ಎಳೆದಂತೆ ಒದ್ದೆ ಕಂಡರೆ, ಅಥವಾ ಮೂಗಿಗೆ ಮೊದಲು ತಿಳಿದರೆ, ತಿರುವಿಗೆ ಮುಂಚೆಯೇ ವೇಗ ಇಳಿಸಿ.

ದಿನದ ಕೊನೆಗೆ ಸೈಕಲ್ಲನ್ನು ಸಿಹಿನೀರಿನಲ್ಲಿ ಒಂದು ಚೊಂಬು ಹೊಯ್ದು ತೊಳೆದು, ಚೈನನ್ನು ಬಟ್ಟೆಯಿಂದ ಒರಸಿ, ಹೊಸ ಎಣ್ಣೆಯನ್ನು ಒಂದೊಂದೇ ಹನಿ ಬಿಡಿ. ಉಪ್ಪಿನ ಗಾಳಿಗೆ ಒಂದೇ ರಾತ್ರಿಯಲ್ಲಿ ಚೈನಿನ ಮೇಲೆ ಕೆಂಪು ಕಾಣಿಸಿಕೊಳ್ಳುತ್ತದೆ. ಮರಳಿನ ಮೇಲೆ ಸೈಕಲ್ ಮಲಗಿಸಲೇಬೇಡಿ.

ಹೊಸಹಾದಿ (ಬೆಂಗಳೂರು)

ಇಷ್ಟೊಂದು ವಿವರ ಸಿಗುತ್ತದೆಂದು ನಾವು ನಿರೀಕ್ಷಿಸಿರಲಿಲ್ಲ. ಮೂವರೂ ಕುಳಿತು ಓದಿ, ಕಾರವಾರದಿಂದ ತೆಂಕಕ್ಕೆ ಬರುವುದೆಂದು ತೀರ್ಮಾನಿಸಿದೆವು. ಸೈಕಲ್ಲುಗಳನ್ನು ರೈಲಿನಲ್ಲಿ ಕಾರವಾರಕ್ಕೆ ಒಯ್ಯುವುದು ಹೇಗೆ, ಮತ್ತು ಬಿಸಿಲಿನಲ್ಲಿ ಏನು ತಿಂದು ಕುಡಿಯಬೇಕು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಪಡುಗಾಳಿ (ಕುಂದಾಪುರ)

ಬೆಂಗಳೂರಿನಿಂದ ಕಾರವಾರಕ್ಕೆ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿಯಿಡೀ ಓಡಿ ಬೆಳಿಗ್ಗೆ ಮುಟ್ಟಿಸುತ್ತದೆ. ಹೊರಡುವ ನಿಲ್ದಾಣದ ಪಾರ್ಸೆಲ್ ಕಚೇರಿಗೆ ಎರಡು ಮೂರು ತಾಸು ಮೊದಲೇ ಹೋಗಿ, ನಿಮ್ಮ ಟಿಕೆಟ್ ತೋರಿಸಿ, ಪ್ರಯಾಣಿಕರ ಲಗೇಜ್ ಎಂದೇ ಬುಕ್ ಮಾಡಿಸಿ. ಬರಿಯ ಪಾರ್ಸೆಲ್ ಎಂದು ಮಾಡಿಸಿದರೆ ಸೈಕಲ್ ಬೇರೊಂದು ರೈಲಿನಲ್ಲಿ ಬರಬಹುದು. ಒಮ್ಮೆ ಒಂದು ನಿಲ್ದಾಣದಲ್ಲಿ ನನಗೆ ಹಾಗೇ ಆಗಿ, ಒಂದೂವರೆ ದಿನ ಪ್ಲಾಟ್‌ಫಾರ್ಮ್ ಕಾದಿದ್ದೇನೆ. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಡಿರೇಲರಿಗೆ ರಟ್ಟು ಸುತ್ತಿ. ಕಾರವಾರ ನಿಲ್ದಾಣವಿರುವುದು ಊರ ಹೊರಗೆ ಶಿರವಾಡದಲ್ಲಿ. ಅಲ್ಲಿಯೇ ಜೋಡಿಸಿಕೊಂಡು ಕಡಲತೀರಕ್ಕೆ ತುಳಿದು ಬನ್ನಿ.

ಊಟಕ್ಕೆ ಚಿಂತೆ ಬೇಡ. ಬೆಳಿಗ್ಗೆ ಬನ್ಸ್ ಅಥವಾ ನೀರುದೋಸೆ, ಮಧ್ಯಾಹ್ನ ಎಲ್ಲಿ ಕುಚ್ಚಲಕ್ಕಿ ಗಂಜಿ ಸಿಗುತ್ತದೋ ಅಲ್ಲಿ ಗಂಜಿ, ಜೊತೆಗೆ ಉಪ್ಪಿನಕಾಯಿ. ಬೆವರಿನಲ್ಲಿ ಹೋದ ಉಪ್ಪು, ನೀರು ಎರಡನ್ನೂ ಅದು ತುಂಬಿಕೊಡುತ್ತದೆ, ಹೊಟ್ಟೆಗೂ ಭಾರವಲ್ಲ. ಬೆಂಗಳೂರಿನ ಒಣ ಹವೆಯಲ್ಲಿ ಬೆವರು ಆರುತ್ತದೆ, ಇಲ್ಲಿ ಮೈಮೇಲೆಯೇ ನಿಲ್ಲುತ್ತದೆ. ಬಾಯಾರುವ ಮೊದಲೇ ಕುಡಿಯಬೇಕು. ಎಳನೀರನ್ನು ನಮ್ಮ ಕಡೆ ಬೊಂಡ ಎನ್ನುತ್ತಾರೆ. ಕೋಕಂ ಹಣ್ಣಿನ ಶರಬತ್ತನ್ನು ಕುಮಟಾದಲ್ಲಿ ಮುರುಗಲು ಎಂದು ಕೇಳಿ, ಉಡುಪಿಗೆ ಬಂದ ಮೇಲೆ ಪುನರ್ಪುಳಿ ಎಂದು ಕೇಳಿ.

ಹೊಸಹಾದಿ (ಬೆಂಗಳೂರು)

ಪ್ರವಾಸ ಮುಗಿಸಿ ನಿನ್ನೆ ಬಂದೆವು. ದಾರಿ ಹೇಳಿಕೊಟ್ಟವರಿಗೆ ವರದಿ ಒಪ್ಪಿಸುವುದು ನಮ್ಮ ಕರ್ತವ್ಯ.

ನಾಲ್ಕು ದಿನದ ಯೋಜನೆ ಐದಾಯಿತು. ಮೊದಲ ದಿನ ಕಾರವಾರದಿಂದ ಗೋಕರ್ಣ. ಶಿರೂರಿನಲ್ಲಿ ನಾವು ನಿಲ್ಲಲಿಲ್ಲ, ಮಾತನ್ನೂ ಆಡಲಿಲ್ಲ. ಎರಡನೆಯ ದಿನ ತದಡಿಯಲ್ಲಿ ದೋಣಿ ಹತ್ತಿದಾಗ ಒಬ್ಬ ಅಜ್ಜಿ ತಮ್ಮ ಮೀನಿನ ಬುಟ್ಟಿಯನ್ನು ಸರಿಸಿ ನಮ್ಮ ಮೂರು ಸೈಕಲ್ಲುಗಳಿಗೆ ಜಾಗ ಮಾಡಿಕೊಟ್ಟರು. ಎಲ್ಲಿಂದ ಬಂದಿರಿ ಎಂದು ಕೇಳಿದರು. ಬೆಂಗಳೂರು ಎಂದಾಗ, ಅಲ್ಲಿಂದ ಇದರಲ್ಲೇ ಬಂದಿರಾ ಎಂದು ಗಾಬರಿಯಾದರು. ಆ ಸಂಜೆ ಮುರ್ಡೇಶ್ವರದವರೆಗೆ ಪಡುಗಾಳಿಯವರು ಹೇಳಿದ ಗಾಳಿ ಬೆನ್ನಿಗಿತ್ತು. ಮಂಕಿಯಲ್ಲಿ ಎದುರಿನಿಂದ ಬಡಗಕ್ಕೆ ಹೋಗುತ್ತಿದ್ದ ಇಬ್ಬರು ಸವಾರರು ತಲೆ ತಗ್ಗಿಸಿ ಕಷ್ಟಪಟ್ಟು ತುಳಿಯುತ್ತಿದ್ದರು. ವಿಭಜಕದಾಚೆಯಿಂದ ಕೈಯೆತ್ತಿದೆವು, ಅವರಿಗೆ ಹ್ಯಾಂಡಲಿನಿಂದ ಕೈ ತೆಗೆಯಲೂ ಆಗಲಿಲ್ಲ.

ದಿಕ್ಕಿನ ಚರ್ಚೆಗೆ ನಾವು ಕಂಡುಕೊಂಡ ದಾರಿ ಹೀಗಿದೆ. ಮೂರನೆಯ ಸಂಜೆ ಮರವಂತೆಯನ್ನು ಹೊಳೆಯ ಬದಿಯಿಂದ ದಾಟಿ ತ್ರಾಸಿಯಲ್ಲಿ ಉಳಿದೆವು. ಮರುದಿನ ಆರೂವರೆಗೆ ಎದ್ದು, ಚೀಲಗಳನ್ನು ಕೋಣೆಯಲ್ಲೇ ಬಿಟ್ಟು, ಬರಿಯ ಸೈಕಲ್ಲಿನಲ್ಲಿ ಹಿಂದಕ್ಕೆ, ಬಡಗುಮುಖವಾಗಿ ಹೊರಟೆವು. ಬಡಗು ಸವಾರರು ಹೇಳಿದಂತೆ ಕಡಲು ನಮ್ಮ ಎಡ ಮೊಣಕೈಯ ಪಕ್ಕದಲ್ಲಿತ್ತು. ತಡೆಗೋಡೆಯ ಕಪ್ಪು ಕಲ್ಲುಗಳಿಗೆ ತೆರೆ ಬಡಿದು, ಅದರ ತುಂತುರು ರಸ್ತೆಯ ಬಿಳಿ ಗೆರೆಯವರೆಗೂ ಬೀಳುತ್ತಿತ್ತು. ಗಾಳಿ ಘಟ್ಟದ ಕಡೆಯಿಂದ ಬರುತ್ತಿತ್ತು, ತೀರ ಮೆಲ್ಲಗೆ. ವರಾಹ ದೇವಸ್ಥಾನದ ಎದುರಿನವರೆಗೆ ಹೋಗಿ, ಅರ್ಧ ತಾಸು ಕಲ್ಲಿನ ಮೇಲೆ ಕುಳಿತು, ಮುಂದಿನ ತಿರುವಿನಲ್ಲಿ ದಾಟಿ ಹೊಳೆಯ ಬದಿಯಿಂದ ಮರಳಿ ಬಂದೆವು. ಹೊಳೆಯ ಮೇಲೆ ಆಗ ಮಂಜಿತ್ತು, ಒಂದು ನಾಡದೋಣಿ ಮಂಜಿನೊಳಗೆ ಅರ್ಧ ಕಾಣುತ್ತಿತ್ತು.

ಮಲ್ಪೆ ಪಡುಕೆರೆಯಿಂದ ಕಾಪುವಿನವರೆಗಿನ ದಾರಿಯಲ್ಲಿ ಐದನೆಯ ಬೆಳಿಗ್ಗೆ ಪೂರ್ತಿ ಕಳೆಯಿತು. ಮಟ್ಟುವಿನಲ್ಲಿ ಕೈರಂಪಣಿ ಎಳೆಯುತ್ತಿದ್ದರು. ನಮ್ಮಲ್ಲಿ ಒಬ್ಬ ಚಪ್ಪಲಿ ಬಿಟ್ಟು ಹಗ್ಗಕ್ಕೆ ಕೈ ಕೊಟ್ಟ. ಸುರತ್ಕಲ್ಲಿನಲ್ಲಿ ತುಳಿಯುವುದನ್ನು ನಿಲ್ಲಿಸಿ, ಗೂಡ್ಸ್ ಟೆಂಪೊದಲ್ಲಿ ಸೈಕಲ್ ಹೇರಿಕೊಂಡು ಮಂಗಳೂರಿಗೆ ಹೋದೆವು.

ಒಟ್ಟು ಎರಡು ಪಂಕ್ಚರ್, ಎರಡೂ 25ರ ಟೈರುಗಳಿಗೆ. ಹಿತ್ತಾಳೆಯ ಅಡಾಪ್ಟರ್ ಬೈಂದೂರಿನ ಬಂಕಿನಲ್ಲಿ ಕೆಲಸಕ್ಕೆ ಬಂತು. ಚೈನನ್ನು ನಾಲ್ಕು ರಾತ್ರಿಯೂ ತೊಳೆದೆವು. ಕೊನೆಯ ರಾತ್ರಿ, ಮಂಗಳೂರಿನ ಬಸ್ ನಿಲ್ದಾಣದಲ್ಲಿ, ತೊಳೆಯಲಿಲ್ಲ. ಮನೆಗೆ ಬಂದು ಗೋಣಿ ಬಿಚ್ಚಿದಾಗ ಚೈನಿನ ಕೊಂಡಿಗಳ ಮೇಲೆ ಚೈನು-ಎಣ್ಣೆಯವರು ಹೇಳಿದ ಕೆಂಪು ಬಂದಿತ್ತು.